ಜ್ವಾಲಾಮುಖಿ ನೋಡಿ ಬಂದ ಚಿನ್ನಸ್ವಾಮಿ

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಪೈಪು, ಮೋಟಾರು, ನಲ್ಲಿಗಳ ಅಂಗಡಿ ಇಟ್ಟುಕೊಂಡಿರುವ ಚಿನ್ನಸ್ವಾಮಿ ಸುಳ್ಳು ಹೇಳುವ ಮನುಷ್ಯನಲ್ಲ. ಇದ್ದದ್ದನ್ನೇ ಸ್ವಲ್ಪ ಹಿಡಿದೆಳೆದು ಉದ್ದ ಮಾಡುತ್ತಾನೆ, ಅಷ್ಟೇ. ಹೆಂಡತಿಯ ಕಡೆಯವರು ಇದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ. ಅದನ್ನು ಇಲ್ಲಿ ಬರೆಯುವುದು ಬೇಡ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಅವನು ಪಟ್ಟ ಪಾಡೆಲ್ಲ ನಿಜ ಹೇಳಿದ್ದರಿಂದ ಬಂದದ್ದು. ಅಪ್ಪಟ ಸುಳ್ಳೊಂದನ್ನು ಹೇಳಿದಾಗ ಊರು ಅವನಿಗೆ ಶಾಲು ಹೊದಿಸಿತು.

ಶುರುವಾದದ್ದು ಪೈಪಿನಿಂದ. ನಮ್ಮ ಕಡೆ ಬೋರ್‌ವೆಲ್ ನೀರು ವರ್ಷವರ್ಷಕ್ಕೂ ಕೆಳಕ್ಕೆ ಇಳಿಯುತ್ತದೆ; ನೀರು ಇಳಿದಷ್ಟೂ ಪೈಪು ಹೆಚ್ಚು ಬೇಕು. ಹೀಗೆ ನೀರು ಕೆಳಕ್ಕೆ ಹೋದ ಹಾಗೆಲ್ಲ ಚಿನ್ನಸ್ವಾಮಿ ಮೇಲಕ್ಕೆ ಹೋಗುತ್ತಿದ್ದ. ಆ ವರ್ಷ ಎಷ್ಟು ಮೇಲಕ್ಕೆ ಹೋದನೆಂದರೆ ವಿಮಾನವನ್ನೇ ಹತ್ತಬೇಕಾಯಿತು. ಹೇಳಿದಷ್ಟು ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ಫಾರಿನ್ ಟೂರಿಗೆ ಕರೆದುಕೊಂಡು ಹೋಗುವುದು ಈ ವ್ಯಾಪಾರದ ಪದ್ಧತಿ. ಟಾರ್ಗೆಟ್ ಮುಟ್ಟಿತು ಎಂದು ಕಂಪನಿಯ ಮ್ಯಾನೇಜರು ಸ್ವೀಟಿನ ಡಬ್ಬ ಹಿಡಿದು ಅಂಗಡಿಗೆ ಬಂದಾಗ ಚಿನ್ನಸ್ವಾಮಿಗೆ ಒಂದು ಕಣ್ಣಲ್ಲಿ ಸಂತೋಷ, ಇನ್ನೊಂದು ಕಣ್ಣಲ್ಲಿ ಹೆಂಡತಿ.

ಏಕೆಂದರೆ ಡೀಲರ್ ಟೂರು ಎಂದರೆ ಬ್ಯಾಂಕಾಕ್ ಎಂದು ತಾಲ್ಲೂಕಿನ ಹೆಂಗಸರಿಗೆಲ್ಲ ಗೊತ್ತಿತ್ತು. ಸಿಮೆಂಟಿನವರು ಹೋಗಿದ್ದರು, ಪೇಂಟಿನವರು ಹೋಗಿದ್ದರು, ಗೊಬ್ಬರದವರಂತೂ ಎರಡೆರಡು ಸಲ. ಏನು ನೋಡಿದಿರಿ ಎಂದರೆ ಎಲ್ಲರೂ ದೇವಸ್ಥಾನ ಎನ್ನುತ್ತಿದ್ದರು. ಯಾವ ದೇವರು ಎಂದರೆ ಒಬ್ಬರಿಗೂ ನೆನಪಿರುತ್ತಿರಲಿಲ್ಲ. ನೆಲಮಂಗಲದ ಒಬ್ಬ ಡೀಲರನ ಹೆಂಡತಿ ಸೀದಾ ಕಂಪನಿಯ ಆಫೀಸಿಗೇ ಹೋಗಿ ಬಾಗಿಲಲ್ಲಿ ಕೂತುಬಿಟ್ಟ ಮೇಲೆ ಪೈಪಿನ ಕಂಪನಿಯವರು ಹೆದರಿ ಬೇರೆ ದೇಶ ಹುಡುಕಿದ್ದರು.

"ಎಲ್ಲಿಗಂತೆ?" ಎಂದಳು ಹೆಂಡತಿ ಬೈರಮ್ಮ, ಮುದ್ದೆ ಕಟ್ಟುವ ಕೈ ನಿಲ್ಲಿಸದೆ.

"ಇಂಡೋನೇಷ್ಯಾ."

"ಅದು ಬ್ಯಾಂಕಾಕ್‌ನಲ್ಲಿ ಬರುತ್ತಾ?"

"ಅಯ್ಯೋ ಇಲ್ಲ ಕಣೆ! ಅದೇ ಬೇರೆ, ಇದೇ ಬೇರೆ. ಅಕ್ಷತಾ, ಬಾರಮ್ಮ ಇಲ್ಲಿ. ನಿಮ್ಮಮ್ಮಂಗೆ ಇದನ್ನ ಓದಿ ಹೇಳು."

ಮಗಳು ಅಕ್ಷತ ಬಿ.ಎಡ್. ಮುಗಿಸಿದವಳು. ಟೂರಿನ ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಸುಮಾತ್ರಾ ದ್ವೀಪ, ಟೋಬಾ, ಭೂಮಿಯ ಮೇಲಿನ ಅತಿ ದೊಡ್ಡ ಜ್ವಾಲಾಮುಖಿ ಸರೋವರ, ಬೋಟಿಂಗ್, ಮೀನಿನ ಊಟ.

ಚಿನ್ನಸ್ವಾಮಿ "ಅತಿ ದೊಡ್ಡ ಜ್ವಾಲಾಮುಖಿ" ಎಂಬಲ್ಲಿಗೆ ಕಿವಿ ಮುಚ್ಚಿದ. ಸರೋವರ, ಬೋಟಿಂಗ್, ಊಟ ಇವೆಲ್ಲ ಅವನಿಗೆ ಬೇಕಾಗಿರಲಿಲ್ಲ. "ಕೇಳಿದ್ಯಾ? ಬೆಂಕಿ ಬೆಟ್ಟ! ಪ್ರಪಂಚಕ್ಕೇ ದೊಡ್ಡದು! ಜೀವ ಕೈಯಲ್ಲಿ ಹಿಡ್ಕೊಂಡು ಹೋಗ್ಬೇಕು. ಇದರಲ್ಲಿ ಮಜಾ ಎಲ್ಲಿಂದ ಬಂತು?" ಎಂದ. ಸರೋವರ ಎಂಬ ಒಂದು ಮಾತನ್ನು ಅಡುಗೆಮನೆಯ ಹೊಸಿಲಲ್ಲೇ ಬಿಟ್ಟು ಬೀದಿಗೆ ಬಂದ. ಅವನ ಕಷ್ಟವೆಲ್ಲ ಹುಟ್ಟಿದ್ದು ಆ ಹೊಸಿಲಲ್ಲಿ.

ಸಂಜೆಯೊಳಗೆ ಸುದ್ದಿ ಬೈರಮ್ಮನ ತಮ್ಮ ಬೀರೇಶನಿಗೆ ಮುಟ್ಟಿತು. ಬೀರೇಶನದು ಫ್ಲೆಕ್ಸ್ ಅಂಗಡಿ. ಹುಟ್ಟಿದ್ದು, ಪಾಸಾದದ್ದು, ಸೈಟು ಕೊಂಡದ್ದು, ಸತ್ತದ್ದು, ಯಾವುದೂ ಅವನ ಫ್ಲೆಕ್ಸ್ ಇಲ್ಲದೆ ಆ ಊರಲ್ಲಿ ನಡೆದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಮೇಲೆ ಚಿನ್ನಸ್ವಾಮಿ ಬಣ್ಣದ ಕನ್ನಡಕ ಹಾಕಿಕೊಂಡು ನಿಂತಿದ್ದ. ಕೆಳಗೆ, "ಜಗತ್ತಿನ ಅತಿ ದೊಡ್ಡ ಜ್ವಾಲಾಮುಖಿಯ ನೆತ್ತಿ ಮೆಟ್ಟಲು ಹೊರಟಿರುವ ನಮ್ಮೂರ ಹೆಮ್ಮೆಯ ಪುತ್ರನಿಗೆ ಶುಭ ಹಾರೈಕೆಗಳು."

ಎದುರು ಮನೆಯ ಮುನಿವೆಂಕಟಮ್ಮ ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ತಂದುಕೊಟ್ಟಳು. "ಹತ್ರ ಹೋಗ್ಬ್ಯಾಡ ಕಣಪ್ಪ, ದೂರದಿಂದ್ಲೇ ಕೈಮುಗ್ದು ಬಂದ್ಬಿಡು. ಹೆಣ್ಮಗಳ ಮದುವೆ ಬ್ಯಾರೆ ಮಾಡ್ಬೇಕು ನೀನು," ಎಂದು ಕಣ್ಣೊರೆಸಿಕೊಂಡಳು. ವಿಮೆ ಏಜೆಂಟೊಬ್ಬ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿ ಎರಡು ದಿನ ಕಾದ.

ಮದುವೆಯ ಮಾತು ಸುಳ್ಳಲ್ಲ. ಅಕ್ಷತಳಿಗೆ ಹೊಸಕೋಟೆಯ ಗಂಡು ಗೊತ್ತಾಗಿತ್ತು. ಹುಡುಗ ಸುನಿಲ್‌ಕುಮಾರ್ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿ, ಫೋನಿನಲ್ಲಿ ಮಾತಾಡುವುದಕ್ಕೆ ಶುರು ಮಾಡಿ, ಮನೆಯವರಿಗೆ ಗೊತ್ತಿಲ್ಲ ಎಂದು ತಿಳಿದುಕೊಂಡಿದ್ದರು. ಉಳಿದದ್ದು ಹುಡುಗನ ತಂದೆ ಹನುಮಂತರಾಯಪ್ಪನವರ ಬಾಯಿಂದ ನಿಶ್ಚಿತಾರ್ಥದ ದಿನ ಹೊರಡುವುದೊಂದೇ. ಅವರು ಸರ್ವೆ ಇಲಾಖೆಯಲ್ಲಿ ಜೀವನವಿಡೀ ಸರಪಳಿ ಎಳೆದು ನಿವೃತ್ತರಾದವರು. ಮನುಷ್ಯನನ್ನು ನೋಡಿದರೂ ಎಲ್ಲಿಂದ ಎಲ್ಲಿಗೆ ಎಂದು ಅಳೆಯುವ ಕಣ್ಣು. "ನಮಗೆ ವರದಕ್ಷಿಣೆ ಬೇಡ, ಒಡವೆ ಬೇಡ. ಮನೆತನ ನೇರವಾಗಿರ್ಬೇಕು. ಒಂದು ಸುಳ್ಳು ಸಿಕ್ರೆ ಎದ್ದು ಹೋಗ್ತೀನಿ," ಎಂದು ಮೊದಲ ದಿನವೇ ಹೇಳಿದ್ದರು. ಆಗ ಚಿನ್ನಸ್ವಾಮಿ ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತಿತ್ತು.

ಹೀಗೆ ಎಲ್ಲರ ಕಣ್ಣೀರು, ಮುಲಾಮುಗಳೊಂದಿಗೆ ಚಿನ್ನಸ್ವಾಮಿ ದೇವನಹಳ್ಳಿಯಲ್ಲಿ ವಿಮಾನ ಹತ್ತಿದ. ಟೋಬಾ ತಲುಪಿದಾಗ ಮಳೆ. ಎಲ್ಲಿ ನೋಡಿದರೂ ನೀರು, ನೀರಿನಾಚೆ ಹಸಿರು ಗುಡ್ಡ, ಗುಡ್ಡದ ಮೇಲೆ ಮೋಡ. ಜೊತೆಯ ಡೀಲರುಗಳು ಹೋಟೆಲಿನಲ್ಲಿ ಇಸ್ಪೀಟು ಹಾಕಿಕೊಂಡು ಕೂತರು. ಚಿನ್ನಸ್ವಾಮಿ ಒಬ್ಬನೇ ನೀಲಿ ರೈನ್‌ಕೋಟು ತೊಟ್ಟು ದಡದಲ್ಲಿ ಅತ್ತಿಂದಿತ್ತ ಓಡಾಡಿದ.

ಗೈಡನ್ನು ಹಿಡಿದುಕೊಂಡು ಕೈಸನ್ನೆ ಮಾಡಿ, ಬರುವ ಇಂಗ್ಲಿಷಿನಲ್ಲೆಲ್ಲ ಕೇಳಿದ. ಜ್ವಾಲಾಮುಖಿ ಎಲ್ಲಿ? ಗೈಡು ನೆಲ ತೋರಿಸಿದ. ನೀರು ತೋರಿಸಿದ. ಮಂಜಿನಲ್ಲಿ ಕಂಡೂ ಕಾಣದಂತಿದ್ದ ದೂರದ ಗುಡ್ಡಗಳ ಸಾಲು ತೋರಿಸಿದ. ಅದು ಬಾಯಿಯ ಅಂಚು, ನೀನು ನಿಂತಿರುವುದು ಬಾಯಿಯ ಒಳಗೆ ಎಂದ. ಚಿನ್ನಸ್ವಾಮಿ ತನ್ನ ಚಪ್ಪಲಿ ನೋಡಿಕೊಂಡ. ಕೆಸರಾಗಿತ್ತು. ಬೆಂಕಿ? ಎಂದು ಕೇಳಿದ. ಗೈಡು ನಕ್ಕು, ನಿನ್ನಜ್ಜನ ಅಜ್ಜನ ಕಾಲಕ್ಕೂ ಮುಂಚೆ ಆರಿತು ಎಂಬಂತೆ ಕೈ ಹಿಂದಕ್ಕೆ ಬೀಸಿದ. ಬೇರೆ ದಾರಿ ಕಾಣದೆ ಚಿನ್ನಸ್ವಾಮಿ ರೈನ್‌ಕೋಟಿನಲ್ಲೇ ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡ. ಮೀನು ಮಾತ್ರ ಬಹಳ ಚೆನ್ನಾಗಿತ್ತು.

ಬರುವಾಗ ಇನ್ನೊಂದು ಗ್ರಹಚಾರ. ಟಿಕೆಟು ಅಗ್ಗ ಎಂದು ಕಂಪನಿಯವರು ವಿಮಾನವನ್ನು ಬ್ಯಾಂಕಾಕಿನ ಮೇಲೆ ಹಾಯಿಸಿದ್ದರು. ಅಲ್ಲಿನ ಏರ್‌ಪೋರ್ಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣದ ಕುರ್ಚಿಯ ಮೇಲೆ ಕೂತು ಚಿನ್ನಸ್ವಾಮಿಯ ಸೊಂಟ ಹಿಡಿದುಕೊಂಡಿತು. ಬೀಗರಿಗೆಂದು ಚಾಕಲೇಟು ಕೊಂಡದ್ದು ಅಲ್ಲೇ. ಅಂಗಡಿಯವಳು ಅದನ್ನು ಒಳ್ಳೆಯ ದಪ್ಪನೆಯ, ಹಿಡಿ ಇರುವ, ಹೊಳೆಯುವ ಹಳದಿ ಕವರಿನಲ್ಲಿ ಹಾಕಿ ಕೊಟ್ಟಳು. ಕವರಿನ ಎರಡೂ ಬದಿಗೆ ಆ ಊರಿನ ಹೆಸರು ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿತ್ತು.

ದೇವನಹಳ್ಳಿಯಲ್ಲಿ ಬೀರೇಶ ಹಾರ ಹಿಡಿದು, ಟೆಂಪೊ ತುಂಬ ಜನರನ್ನು ತುಂಬಿಕೊಂಡು ಬಂದಿದ್ದ. ಹಾರ ಹಾಕಿದ ತಕ್ಷಣ ಫೋನು ಕಿತ್ತುಕೊಂಡರು. ಫೋನು ಟೆಂಪೊದ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಬಂತು.

"ಭಾವ, ಇದು ಹೆಸರಘಟ್ಟ ಕೆರೆ ಅಲ್ವಾ?" ಎಂದ ಬೀರೇಶ ಕೊನೆಗೆ.

"ಲೇ, ಅದೇ ಕಣೋ ಜ್ವಾಲಾಮುಖಿ."

"ಇದರಲ್ಲಿ ನೀರೈತೆ."

"ಮೇಲೆ ನೀರು. ಒಳಗೆ ಜ್ವಾಲಾಮುಖಿ."

"ಅಂಗಾದ್ರೆ ನನ್ನ ಮುಲಾಮು ಹಚ್ಲೇ ಇಲ್ವಾ?" ಎಂದು ಮುನಿವೆಂಕಟಮ್ಮ ಹಿಂದಿನಿಂದ ಕೇಳಿದಳು. ಅವಳ ದನಿಯಲ್ಲಿ ಇದ್ದದ್ದು ಸಮಾಧಾನವಲ್ಲ.

ನಿಜವಾದ ಅನಾಹುತ ಆದದ್ದು ಭಾನುವಾರ. ಗಂಡ ಹೆಂಡತಿ ದಿನ ಗೊತ್ತು ಮಾಡಿಕೊಂಡು ಬರಲು ಹೊಸಕೋಟೆಗೆ ಹೊರಟರು. ಬರಿಗೈಯಲ್ಲಿ ಹೋಗುವಂತಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ, ಚಾಕಲೇಟು. ಬೈರಮ್ಮನ ಮನೆಯಲ್ಲಿ ಗಟ್ಟಿ ಕವರೆಂಬುದು ಆಸ್ತಿ ಇದ್ದ ಹಾಗೆ. ಮಡಿಸಿ ಹಾಸಿಗೆಯಡಿ ಇಟ್ಟು, ಯೋಗ್ಯರ ಮನೆಗೆ ಹೋಗುವಾಗ ಮಾತ್ರ ತೆಗೆಯುವುದು. ಅವಳಿಗೆ ಇಂಗ್ಲಿಷು ಓದಲು ಬಾರದು. ಹಳದಿ ಬಣ್ಣ ಶುಭ ಎಂದು ತೆಗೆದುಕೊಂಡಳು. ಚಿನ್ನಸ್ವಾಮಿ ಆ ಹೊತ್ತಿಗೆ ಬೀಗರ ಮುಂದೆ ಜ್ವಾಲಾಮುಖಿಯನ್ನು ಹೇಗೆ ವರ್ಣಿಸುವುದೆಂದು ಯೋಚಿಸುತ್ತ ಕನ್ನಡಿಯ ಮುಂದೆ ನಿಂತಿದ್ದ.

ಹನುಮಂತರಾಯಪ್ಪನವರು ಕವರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಟೀಪಾಯಿಯ ಮೇಲಿಟ್ಟರು. ಕನ್ನಡಕ ಹಾಕಿಕೊಂಡರು. ಮುಂದಿನ ಬದಿ ಓದಿದರು. ತಿರುಗಿಸಿ ಹಿಂದಿನ ಬದಿಯನ್ನೂ ಓದಿದರು. ಚಿನ್ನಸ್ವಾಮಿಯ ಕಣ್ಣು ಆಗ ಆ ಅಕ್ಷರಗಳ ಮೇಲೆ ಬಿತ್ತು; ಎದೆ ಬೋರ್‌ವೆಲ್ ಲಾರಿಯ ಹಾಗೆ ಬಡಿಯತೊಡಗಿತು.

"ಜ್ವಾಲಾಮುಖಿ ನೋಡಿದ್ರಾ?" ಎಂದರು.

"ನೋಡ್ದೆ ಬೀಗ್ರೇ. ಇಗೋ ಫೋಟೊ."

ಅವರು ಫೋಟೊ ನೋಡಿದರು. ಕವರು ನೋಡಿದರು. "ಈ ಕವರು ಅಲ್ಲೀದಾ?"

"ಇಲ್ಲ, ಅದು... ದಾರೀಲಿ ಸಿಗ್ತು."

"ದಾರೀಲಿ ಬ್ಯಾಂಕಾಕ್ ಸಿಗ್ತಾ?"

ಬೈರಮ್ಮ ಕಾಫಿ ಲೋಟ ಕೆಳಗಿಟ್ಟಳು. ಆ ಲೋಟ ಟೀಪಾಯಿಗೆ ತಗಲಿದ ಸದ್ದು ಚಿನ್ನಸ್ವಾಮಿಗೆ ಇವತ್ತಿಗೂ ಆಗಾಗ ಕೇಳಿಸುತ್ತದೆ.

"ವಿಮಾನ ಅಲ್ಲಿ ನಿಂತಿತ್ತು ಅಷ್ಟೇ ಬೀಗ್ರೇ. ಏರ್‌ಪೋರ್ಟಿಂದ ಆಚೆ ಕಾಲಿಟ್ಟಿಲ್ಲ. ತಾಯಾಣೆ."

"ಎಷ್ಟೊತ್ತು ನಿಂತಿತ್ತು?"

"ಬೆಳಿಗ್ಗೆಯಿಂದ... ಸಂಜೆವರೆಗೆ."

"ಬೆಳಿಗ್ಗೆಯಿಂದ ಸಂಜೆವರೆಗೆ," ಎಂದು ಹನುಮಂತರಾಯಪ್ಪನವರು ಇಲಾಖೆಯಲ್ಲಿ ಅಳತೆ ಬರೆಸುವಾಗ ಹೇಳುತ್ತಿದ್ದ ದನಿಯಲ್ಲಿ ಹೇಳಿ, ಕನ್ನಡಕ ತೆಗೆದರು. "ದಿನ ನೋಡೋಣ ಅಂದ್ರೆ ಪಂಚಾಂಗ ಎಲ್ಲಿಟ್ಟಿದೀವೋ ಸಿಗ್ತಿಲ್ಲ. ಹೇಳಿ ಕಳಿಸ್ತೀನಿ." ಪಂಚಾಂಗ ಅವರ ತಲೆಯ ಮೇಲೆ ಗೋಡೆಗೆ ನೇತುಬಿದ್ದಿತ್ತು. ಕೂತಿದ್ದವರೆಲ್ಲ ಅದನ್ನು ನೋಡಿದರು, ಯಾರೂ ಹೆಸರೆತ್ತಲಿಲ್ಲ.

ಆವತ್ತಿನಿಂದ ಚಿನ್ನಸ್ವಾಮಿಯ ಮನೆಯಲ್ಲಿ ಮುದ್ದೆ ಚಿಕ್ಕದಾಯಿತು, ಸಾರು ನೀರಾಯಿತು, ಮಾತು ನಿಂತಿತು. ಬೈರಮ್ಮ ಏನಿದ್ದರೂ ಮಗಳ ಮೂಲಕ ಹೇಳಿಸುತ್ತಿದ್ದಳು. "ನಿಮ್ಮಪ್ಪಂಗೆ ಇನ್ನೊಂದು ಸೌಟು ಸಾರು ಬೇಕಾ ಕೇಳು. ಬೇಡ್ವಾ? ಬ್ಯಾಂಕಾಕ್‌ನಲ್ಲಿ ಚೆನ್ನಾಗಿ ಉಂಡವರಿಗೆ ಹೆಂಗೆ ಬೇಕಾಗುತ್ತೆ." ಅಕ್ಷತ ಇಬ್ಬರ ನಡುವೆ ನಿಂತು ಅಳುಮುಖ ಮಾಡಿಕೊಂಡಳು. ಅವಳ ಫೋನೂ ಈಗ ಮೊದಲಿನಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. "ಅಪ್ಪ, ಅವರಪ್ಪ ಮನೇಲಿ ಏನೂ ಮಾತಾಡ್ತಿಲ್ವಂತೆ," ಎಂದು ಒಂದೇ ಒಂದು ಸಲ ಹೇಳಿ ಒಳಗೆ ಹೋದಳು. ಚಿನ್ನಸ್ವಾಮಿಗೆ ಆ ಒಂದು ಮಾತು ಹೆಂಡತಿಯ ಅಷ್ಟೂ ಮಾತಿಗಿಂತ ಹೆಚ್ಚು ನೋಯಿಸಿತು. ಎಂಥ ಅಪ್ಪ ನಾನು ಎಂದು ಅವನಿಗೆ ಅವನ ಮೇಲೆಯೇ ಅಸಹ್ಯವಾಯಿತು.

ಅತ್ತ ಹೊಸಕೋಟೆಯಲ್ಲಿ ಹನುಮಂತರಾಯಪ್ಪನವರ ಹೆಂಡತಿ ಅಕ್ಕಯಮ್ಮ ಕವರು ಗಟ್ಟಿಯಾಗಿದೆ ಎಂದು ಸಂತೆಗೆ ಅದನ್ನೇ ಹಿಡಿದುಕೊಂಡು ಹೋಗತೊಡಗಿದರು. ಸೊಪ್ಪಿನವಳು ಎಲ್ಲೀದು ಎಂದಳು, ಬೀಗರಾಗುವವರು ಕೊಟ್ಟದ್ದು ಎಂದರು. ಎರಡು ಸಂತೆ ಕಳೆಯುವಷ್ಟರಲ್ಲಿ ಇಡೀ ಹೊಸಕೋಟೆ ಆ ಕವರನ್ನು ಓದಿತ್ತು.

ಬ್ಯಾಂಕಾಕಿನ ಮುದ್ರೆಯೇ ಬೀಳದ ಪಾಸ್‌ಪೋರ್ಟ್ ತೋರಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಿಮಗೆ ಬೀಗತನದ ವಿಚಾರ ಗೊತ್ತಿಲ್ಲ ಎಂದಾಯಿತು. ತೋರಿಸಿ ಎಂದು ಬೀಗರನ್ನು ಕೇಳುವುದು ಅವರಿಗೆ ಅಮರ್ಯಾದೆ. ಕೇಳದೆ ತೋರಿಸಿದರೆ ಅನುಮಾನ ಇರುವುದನ್ನು ನಾವೇ ಒಪ್ಪಿಕೊಂಡ ಹಾಗೆ. ಚಿನ್ನಸ್ವಾಮಿ ಅದನ್ನು ಅಂಗಿಯ ಜೇಬಿನಲ್ಲಿ ಸ್ವಲ್ಪ ಮೇಲಕ್ಕೆ ಕಾಣುವ ಹಾಗೆ ಇಟ್ಟುಕೊಂಡು ತಿರುಗಿದ. ಯಾರಾದರೂ ಕೇಳಲಿ ಎಂದು ಎಲ್ಲರೆದುರೂ ಎದೆಯುಬ್ಬಿಸಿ ನಿಂತ. ಜೊತೆಗೆ ಬಂದ ಡೀಲರುಗಳನ್ನು ಸಾಕ್ಷಿಗೆ ಕರೆಸೋಣ ಎಂದರೆ, ಅವರ ಮಾತನ್ನು ಅವರ ಮನೆಗಳಲ್ಲೇ ಯಾರೂ ನಂಬುತ್ತಿರಲಿಲ್ಲ.

ಆಗ ದೇವರು ಕಳಿಸಿದ ಹಾಗೆ ನಲ್ಲಿ ಕೊಳ್ಳಲು ಬಂದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಉಮಾಶಂಕರ್. ಚಿನ್ನಸ್ವಾಮಿ ಅವರನ್ನು ಕೈಹಿಡಿದು ಎದುರಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಜನರ ಮಧ್ಯೆ ಕೂರಿಸಿದ. "ಹೇಳಿ ಮೇಷ್ಟ್ರೇ, ಟೋಬಾ ಅನ್ನೋದು ಜ್ವಾಲಾಮುಖಿಯೋ ಕೆರೆಯೋ? ಇವರಿಗೆ ಒಂದು ಸಲ ಹೇಳ್ಬಿಡಿ."

ಮೇಷ್ಟ್ರಿಗೆ ಇಂಥ ಪ್ರಶ್ನೆಯನ್ನು ಶಾಲೆಯಲ್ಲೂ ಯಾರೂ ಕೇಳಿರಲಿಲ್ಲ. ಅವರು ಹಿಗ್ಗಿಹೋದರು. "ಎರಡೂ ಹೌದು! ಎಪ್ಪತ್ತು ಸಾವಿರ ವರ್ಷದ ಹಿಂದೆ ಸಿಡಿದು, ನೆತ್ತಿ ಕುಸಿದು, ಆ ಗುಂಡಿಯಲ್ಲಿ ನೀರು ತುಂಬಿದೆ. ಅದರ ಬೂದಿ ನಮ್ಮ ದೇಶದವರೆಗೂ ಬಂದು ಬಿದ್ದಿತ್ತು. ಒಂದು ದಡ ದೊಡ್ಡಬಳ್ಳಾಪುರದಲ್ಲಿದ್ರೆ ಇನ್ನೊಂದು ದಡ ಮುಳಬಾಗಿಲ ಹತ್ತಿರ, ಅಷ್ಟುದ್ದ. ಜ್ವಾಲಾಮುಖಿಗಳ ವಿಚಿತ್ರ ಏನಂದ್ರೆ, ದೊಡ್ಡದಾದಷ್ಟೂ ಅವು ಕಣ್ಣಿಗೆ ಕಾಣಲ್ಲ. ಹವಾಯಿಯ ಮೌನಾ ಲೋವಾ ಕವುಚಿ ಹಾಕಿದ ತಟ್ಟೆ ಹಾಗಿದೆ. ಪೆಸಿಫಿಕ್ ಸಮುದ್ರದ ತಳದಲ್ಲಿ ಟಾಮು ಅಂತ ಒಂದಿದೆ, ಅದು ಒಂದೇ ಜ್ವಾಲಾಮುಖಿ ಹೌದೋ ಅಲ್ವೋ ಅಂತ ವಿಜ್ಞಾನಿಗಳೇ ಕಿತ್ತಾಡ್ತಿದಾರೆ."

ಚಿನ್ನಸ್ವಾಮಿ ಸುತ್ತ ನೋಡಿ ಮೀಸೆ ತಿರುವಿದ. ಅಲ್ಲಿಗೆ ಮೇಷ್ಟ್ರು ಟೀ ಕುಡಿದು ಎದ್ದಿದ್ದರೆ ಕಥೆ ಮುಗಿದುಹೋಗುತ್ತಿತ್ತು. ಆದರೆ ವಿಜ್ಞಾನದ ಮೇಷ್ಟ್ರುಗಳಿಗೆ ನಿಲ್ಲಿಸುವುದು ಬರುವುದಿಲ್ಲ.

"ಅಷ್ಟು ದೂರ ಯಾಕೆ? ನಮ್ಮ ಮಹಾರಾಷ್ಟ್ರ ಮುಕ್ಕಾಲು ಪಾಲು ಲಾವಾನೇ. ಭೂಮಿ ಬಿರುಕು ಬಿಟ್ಟು ಹರಿದು ಹೆಪ್ಪುಗಟ್ಟಿರೋದು. ಅದರ ಮುಂದೆ ಟೋಬಾನೂ ಚಿಕ್ಕದು."

ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಸಾಸಲಿನ ಅಪ್ಪಯ್ಯಣ್ಣ ತಲೆ ಎತ್ತಿದ. "ಮೇಷ್ಟ್ರೇ, ಶಿರಡಿ ಅದರ ಮ್ಯಾಲೆ ಬತ್ತದಾ?"

"ಬರುತ್ತೆ."

"ಅಂಗಾದ್ರೆ ನಾನು ಮೂರು ಸಲ ಹತ್ತಿವ್ನಿ!"

ಟೀ ಅಂಗಡಿ ಎದ್ದು ನಿಂತಿತು. ಊರಲ್ಲಿ ಶಿರಡಿ ಬಸ್ಸು ಹತ್ತದವರು ಯಾರಿದ್ದರು? "ನಾನೂ ಹತ್ತಿದೀನಿ!" "ನಮ್ಮತ್ತೆ ಮಂಡಿನೋವಲ್ಲೂ ಹತ್ತವ್ರೆ!" "ನಮಗೆಲ್ಲಿ ಫ್ಲೆಕ್ಸು, ನಮಗೆಲ್ಲಿ ಹಾರ?" ಎಂದು ಎಲ್ಲರೂ ಚಿನ್ನಸ್ವಾಮಿಯನ್ನೇ ಕೇಳಿದರು. ಅರ್ಧ ಗಂಟೆಯೊಳಗೆ ಊರ ತುಂಬ ಅವನಿಗಿಂತ ದೊಡ್ಡ ಜ್ವಾಲಾಮುಖಿ ನೋಡಿದವರೇ ತುಂಬಿಹೋದರು. ಅವನು ಮೇಷ್ಟ್ರಿಗೆ ನಲ್ಲಿಯನ್ನು ಪುಕ್ಕಟೆ ಕೊಡಬೇಕೆಂದಿದ್ದ. ಪೂರ್ತಿ ಬೆಲೆ ಹಾಕಿದ.

"ಭಾವ, ಜನಕ್ಕೆ ಬೇಕಾಗಿರೋದು ಬೆಂಕಿ," ಎಂದ ಬೀರೇಶ ಅಂದು ಸಂಜೆ. ಕಂಪ್ಯೂಟರಿನ ಮುಂದೆ ಕೂತು ಕಣ್ಣು ಕಿರಿದು ಮಾಡಿದ್ದ. "ನಿಮಗೆ ಬೆಂಕಿ ನಾನು ಕೊಡ್ತೀನಿ."

"ಬೇಡ ಕಣೋ. ಅದು ಸುಳ್ಳಾಗುತ್ತೆ."

"ನೀವು ಹೋಗಿದ್ದು ನಿಜ ತಾನೆ? ಅದು ಜ್ವಾಲಾಮುಖಿನೇ ತಾನೆ? ಹಳೇದಾಗಿ ಆರಿಹೋಗೈತೆ. ನಾನು ಮತ್ತೆ ಹಚ್ತಿದೀನಿ ಅಷ್ಟೇ. ಅಕ್ಷತನ ಮುಖ ನೋಡಿ ಭಾವ."

ಮಗಳ ಹೆಸರು ಬಂದ ಮೇಲೆ ಚಿನ್ನಸ್ವಾಮಿ ಫೋನು ತೆಗೆದು ಬಾಮೈದನ ಮುಂದಿಟ್ಟ. ಅವನು ಬೇಡ ಎಂದು ಇನ್ನೊಂದು ಸಲ ಹೇಳಬಹುದಾಗಿತ್ತು. ಹೇಳಲಿಲ್ಲ.

ಬೆಳಗಾಗುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ ಎರಡಾಳೆತ್ತರದ ಚಿನ್ನಸ್ವಾಮಿ ನಿಂತಿದ್ದ. ಬೆನ್ನ ಹಿಂದೆ ನೀರು ಮಾಯವಾಗಿ ಕೆಂಡದ ಹೊಳೆ ಹರಿಯುತ್ತಿತ್ತು. ಬೆಟ್ಟದ ಬಾಯಿಂದ ಬೆಂಕಿ ಆಕಾಶಕ್ಕೆ ಹಾರುತ್ತಿತ್ತು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುವವರು ಬೈಕು ನಿಲ್ಲಿಸಿ ಸೆಲ್ಫಿ ತೆಗೆದುಕೊಂಡರು. ಮುನಿವೆಂಕಟಮ್ಮ ಫ್ಲೆಕ್ಸಿನ ಕಡೆ ಕೈ ತೋರಿಸಿ, "ನನ್ನ ಮುಲಾಮು ಇಲ್ದಿದ್ರೆ ಗತಿ ಏನಾಗ್ತಿತ್ತು," ಎಂದು ಕಂಡವರಿಗೆಲ್ಲ ಹೇಳಿದಳು. ಶಿರಡಿಯವರೆಲ್ಲ ಬಾಯಿ ಮುಚ್ಚಿದರು. ವರ್ತಕರ ಸಂಘದವರು ಗುರುವಾರವೇ ಸನ್ಮಾನ ಎಂದು ಗೊತ್ತು ಮಾಡಿದರು. ಬೀಗರಾಗುವವರು ಎಂದು ಹೊಸಕೋಟೆಗೂ ಕರೆ ಕಳಿಸಿದರು. ಅದನ್ನು ಕೇಳಿದ ಮೇಲೆ ಚಿನ್ನಸ್ವಾಮಿಗೆ ಅನ್ನ ಸೇರಲಿಲ್ಲ.

ಗುರುವಾರ ಕಲ್ಯಾಣಮಂಟಪ ತುಂಬಿತ್ತು. ವೇದಿಕೆಯ ಹಿಂದೆ ಅದೇ ಬೆಂಕಿಯ ಫ್ಲೆಕ್ಸು. ಮೊದಲ ಸಾಲಿನಲ್ಲಿ ಬೈರಮ್ಮ, ಅಕ್ಷತ. ಪಕ್ಕದ ಸಾಲಿನಲ್ಲಿ ಹನುಮಂತರಾಯಪ್ಪನವರು, ಅಕ್ಕಯಮ್ಮ, ಸುನಿಲ್‌ಕುಮಾರ್. ಅಕ್ಕಯಮ್ಮನ ಮಡಿಲಲ್ಲಿ ಹಳದಿ ಕವರು. ಚಿನ್ನಸ್ವಾಮಿಗೆ ಶಾಲು ಹೊದಿಸಿ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ನಗರಸಭೆಯ ಅಧಿಕಾರಿಯೊಬ್ಬರು ಮಾತಾಡಿ, ಊರಾಚೆಯ ಕಸದ ರಾಶಿಗೆ ಬೆಂಕಿ ಬಿದ್ದರೆ ಇನ್ನು ಮುಂದೆ ಚಿನ್ನಸ್ವಾಮಿಯವರ ಅಮೂಲ್ಯ ಸಲಹೆ ಪಡೆಯಲಾಗುವುದು ಎಂದರು. ಜನ ಚಪ್ಪಾಳೆ ತಟ್ಟಿದರು. ಚಿನ್ನಸ್ವಾಮಿ ಮೂರನೆಯ ಲೋಟ ನೀರು ಕುಡಿದ.

ಆಮೇಲೆ ಹನುಮಂತರಾಯಪ್ಪನವರು ಯಾರೂ ಕರೆಯದೆಯೇ ಎದ್ದು ವೇದಿಕೆಗೆ ಬಂದು ಮೈಕು ಹಿಡಿದರು. ಫ್ಲೆಕ್ಸಿನ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಕೆಳಗಿಂದ ಮೇಲಕ್ಕೆ ನೋಡಿದರು.

"ಬೀಗ್ರೇ, ಈ ಬೆಂಕಿಗೂ ನಿಮಗೂ ಎಷ್ಟು ದೂರ ಇತ್ತು?"

"ಹತ್ರ... ಹತ್ರಾನೇ ಇತ್ತು."

"ಶಾಖ?"

"ಬಹಳ ಶಾಖ."

"ಅಷ್ಟು ಶಾಖದಲ್ಲಿ ರೈನ್‌ಕೋಟು ಯಾಕೆ ಹಾಕ್ಕೊಂಡಿದೀರಿ?"

ಸಭೆಯೆಲ್ಲ ಫ್ಲೆಕ್ಸು ನೋಡಿತು. ನೀಲಿ ರೈನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೀರೇಶ ಮೆಲ್ಲಗೆ ಕುರ್ಚಿಯಿಂದ ಜಾರಿ ಕಂಬದ ಹಿಂದೆ ಹೋದ. ಚಿನ್ನಸ್ವಾಮಿಯ ಕಣ್ಣು ಮಗಳ ಕಡೆ ಹೋಯಿತು. ಅಕ್ಷತ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಇನ್ನು ಒಂದು ಸುಳ್ಳು ಸೇರಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಮಳೆ ಬರ್ತಿತ್ತು ಬೀಗ್ರೇ," ಎಂದ. ಪೇಟ ತೆಗೆದು ಮೇಜಿನ ಮೇಲಿಟ್ಟ. "ಬೆಂಕಿ ಇರ್ಲಿಲ್ಲ. ಬೆಂಕಿ ನಮ್ಮ ಬಾಮೈದ ಹಾಕಿದ್ದು. ಅಲ್ಲಿ ಇದ್ದದ್ದು ಒಂದು ಕೆರೆ. ದೊಡ್ಡ ಕೆರೆ. ನಾನು ಜ್ವಾಲಾಮುಖಿ ಎಲ್ಲಿ ಎಲ್ಲಿ ಅಂತ ದಡದಲ್ಲಿ ಹುಚ್ಚನ ಹಾಗೆ ಓಡಾಡ್ದೆ. ನೀನು ಅದರೊಳಗೇ ನಿಂತಿದೀಯ ಅಂದ ಗೈಡು. ನನಗೆ ನನ್ನ ಚಪ್ಪಲಿ ಬಿಟ್ರೆ ಏನೂ ಕಾಣಿಸ್ಲಿಲ್ಲ. ಮೀನು ತಿಂದೆ. ನೆಗಡಿ ಆಯ್ತು. ಬ್ಯಾಂಕಾಕ್‌ನಲ್ಲಿ ಕಬ್ಬಿಣದ ಕುರ್ಚಿ ಮೇಲೆ ಕೂತು ಸೊಂಟ ಹಿಡ್ಕೊಂಡು ಬಂದೆ. ಇಷ್ಟೇ ನಾನು ನೋಡಿದ್ದು. ತಪ್ಪು ನಂದು. ನನ್ನ ಮಗಳದ್ದೇನೂ ತಪ್ಪಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ, "ಥೂ, ಊಟ ಇದೆಯೋ ಇಲ್ವೋ?" ಎಂದರು. ಹನುಮಂತರಾಯಪ್ಪನವರು ಕನ್ನಡಕವನ್ನು ನಿಧಾನವಾಗಿ ಒರೆಸಿದರು.

"ನಾನು ನಂಬ್ತೀನಿ," ಎಂದರು.

ಚಿನ್ನಸ್ವಾಮಿ ತನ್ನ ಕಿವಿಯನ್ನೇ ನಂಬಲಿಲ್ಲ.

"ಸರ್ವೀಸಿನಲ್ಲಿ ಸಾವಿರಾರು ಸುಳ್ಳು ಕೇಳಿದೀನಿ ಸ್ವಾಮಿ. ಸುಳ್ಳು ಹೇಳೋನು ಇಷ್ಟು ಸಪ್ಪೆ ಸುಳ್ಳು ಹೇಳಲ್ಲ. ಬ್ಯಾಂಕಾಕ್ ಸುತ್ತಿ ಬಂದೋನು ಮೀನು ತಿಂದೆ, ನೆಗಡಿ ಆಯ್ತು ಅಂತಾನಾ? ಇನ್ನೊಂದು ವಿಷಯ. ದೊಡ್ಡ ಸರ್ವೆ ನಂಬರಿನ ನಡುವೆ ನಿಂತೋನಿಗೆ ಗಡಿಯ ಬಾಂದುಕಲ್ಲು ಕಾಣಲ್ಲ. ಜಮೀನಿನ ಮಧ್ಯೆ ನಿಂತ್ಕೊಂಡೇ ನನ್ನ ಜಮೀನೆಲ್ಲಿ ಸಾರ್ ಅಂತ ಕೇಳ್ತಿದ್ರು ನನ್ನ. ಇವರಿಗೂ ಅದೇ ಆಗಿದೆ." ಅವರು ಹೆಂಡತಿಯ ಕಡೆ ತಿರುಗಿದರು. "ಲೇ, ಪಂಚಾಂಗ ತಂದಿದೀಯೇನೇ?"

ಅಕ್ಕಯಮ್ಮ ಹಳದಿ ಕವರಿಗೆ ಕೈ ಹಾಕಿ ಪಂಚಾಂಗ ತೆಗೆದರು. ಚಿನ್ನಸ್ವಾಮಿ ಅಳುವುದೋ ನಗುವುದೋ ತಿಳಿಯದೆ ಜೇಬಿನಿಂದ ಪಾಸ್‌ಪೋರ್ಟ್ ಎಳೆದು ಮುಂದೆ ಹಿಡಿದ. "ಒಳಗಿಡಿ ಬೀಗ್ರೇ, ಮರ್ಯಾದೆ ಅಲ್ಲ," ಎಂದು ಅವರು ಕೈ ಅಡ್ಡ ಮಾಡಿದರು. ಅಕ್ಷತ ಅಳುತ್ತಿದ್ದಳು, ಸುನಿಲ್‌ಕುಮಾರ್ ಯಾರಿಗೂ ಕಾಣದ ಹಾಗೆ ನಗುತ್ತಿದ್ದ. ಆ ರಾತ್ರಿ ಚಿನ್ನಸ್ವಾಮಿಯ ತಟ್ಟೆಗೆ ಮೊದಲಿನ ಗಾತ್ರದ ಮುದ್ದೆ ಬಿತ್ತು.

ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು, ಮದುವೆ ವೈಶಾಖಕ್ಕೆ ಎಂದಾಯಿತು. ಇನ್ನೇನು ನೆಮ್ಮದಿ ಎನ್ನುವಷ್ಟರಲ್ಲಿ ಕಂಪನಿಯ ಮ್ಯಾನೇಜರು ಮತ್ತೆ ಬಂದರು. ಟೋಬಾದಲ್ಲಿ ಡೀಲರುಗಳಿಗೆಲ್ಲ ಬೇಜಾರಾಗಿ ದೂರು ಕೊಟ್ಟಿದ್ದರಂತೆ. ಈ ವರ್ಷ ಟಾರ್ಗೆಟ್ ಮುಟ್ಟಿದವರಿಗೆ ಬ್ಯಾಂಕಾಕ್. ಆವತ್ತಿನಿಂದ ಚಿನ್ನಸ್ವಾಮಿ ಪೈಪು ಮಾರುವುದನ್ನೇ ಬಿಟ್ಟ. ಗಿರಾಕಿ ಬಂದರೆ ಸ್ಟಾಕಿಲ್ಲ ಎಂದು ಎದುರಿನ ಅಂಗಡಿಗೆ ಕಳಿಸುತ್ತಿದ್ದ. ಅವನ ಬೆನ್ನ ಹಿಂದೆಯೇ ಪೈಪು ಸೂರಿನವರೆಗೆ ಬಿದ್ದಿರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಹನುಮಂತರಾಯಪ್ಪನವರು ಒಬ್ಬರೇ ಬಂದರು. ಅಂಗಡಿಯ ಒಳಗೆ ಇಣುಕಿ ನೋಡಿದರು.

"ನಮ್ಮ ತಂಗಿ ಬೈರಮ್ಮ ಇಲ್ವಾ?"

"ಮನೇಲವ್ಳೆ ಬೀಗ್ರೇ. ಕರೀಲಾ?"

"ಬೇಡ ಬೇಡ." ಸ್ಟೂಲು ಎಳೆದುಕೊಂಡು ಹತ್ತಿರ ಕೂತರು. "ನಮ್ಮ ನೆಂಟರೊಬ್ಬರು ತೋಟಕ್ಕೆಲ್ಲ ಹೊಸ ಪೈಪು ಹಾಕಿಸ್ಬೇಕಂತಿದಾರೆ. ದೊಡ್ಡ ಆರ್ಡರು."

"ಸ್ಟಾಕಿಲ್ಲ ಬೀಗ್ರೇ," ಎಂದ ಚಿನ್ನಸ್ವಾಮಿ, ಬೆನ್ನಿನಿಂದ ಆದಷ್ಟು ಪೈಪು ಮರೆ ಮಾಡಿಕೊಂಡು.

ಅವರು ಪೈಪಿನ ರಾಶಿಯನ್ನು ಕಣ್ಣಲ್ಲೇ ಅಳೆದರು. ದನಿ ತಗ್ಗಿಸಿದರು. "ಈ ಸಲ ಒಬ್ಬ ಡೀಲರ್ ಜೊತೆ ಇನ್ನೊಬ್ಬರು ಹೋಗ್ಬೋದಂತೆ, ಹೌದಾ?"

"ಹೌದು... ಹೆಂಡ್ತಿ."

"ಹೆಂಡ್ತೀನೇ ಆಗ್ಬೇಕು ಅಂತ ಬರ್ದಿದಾರಾ?"

ಚಿನ್ನಸ್ವಾಮಿ ಬಾಯಿ ತೆರೆದವನು ಮುಚ್ಚಲಿಲ್ಲ. ಹನುಮಂತರಾಯಪ್ಪನವರು ಕಿಟಕಿಯಾಚೆ ಹೋಗುತ್ತಿದ್ದ ಬಸ್ಸನ್ನು ಬಹಳ ಆಸಕ್ತಿಯಿಂದ ನೋಡಿದರು.

"ಅಲ್ಲಿ ದೇವಸ್ಥಾನ ಬಹಳ ಚೆನ್ನಾಗವಂತೆ," ಎಂದರು.

"ಯಾವ ದೇವರು ಬೀಗ್ರೇ?"

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಚಿನ್ನಸ್ವಾಮಿಯ ಹಣೆಯಲ್ಲಿ ಬೆವರೊಡೆಯಿತು. "ಮನೇಲಿ ಏನಂತ ಹೇಳೋದು ಬೀಗ್ರೇ?" ಎಂದು ಪಿಸುಗುಟ್ಟಿದ.

"ಅದಕ್ಕೇನಂತೆ? ಜ್ವಾಲಾಮುಖಿ ನೋಡಕ್ಕೆ ಅಂತ ಹೇಳೋಣ. ಕೆರೆ ಫೋಟೊ ಹೆಂಗೂ ನಿಮ್ಮ ಫೋನಲ್ಲೇ ಇದೆ." ಅವರು ಎದ್ದು, ಪಂಚೆ ಸರಿಮಾಡಿಕೊಂಡು, ಬಾಗಿಲವರೆಗೆ ಹೋಗಿ ತಿರುಗಿದರು. "ಆದ್ರೆ ಈ ಸಲ ಕವರು ಮಾತ್ರ ತರ್ಬೇಡಿ."